ಮೇಲಿನ ಮಹಡಿ ಏಳಲಿ ಎಂದು ಇನ್ನೆಷ್ಟು ಮಳೆ ಬಿಡುವುದು?

ಕೆಂಗೇರಿ ಆಚೆಯವಳು

ಯುಗಾದಿ ಕಳೆಯಿತು, ಇನ್ನು ಕೆಲವೇ ವಾರಗಳಲ್ಲಿ ಭರಣಿ ಮಳೆ. ನಮ್ಮ ಮನೆಯ ಪಂಚಾಯಿತಿಯನ್ನು ಇಲ್ಲಿ ಇಡುತ್ತಿದ್ದೇನೆ, ತಿಳಿದವರು ತೀರ್ಪು ಕೊಡಿ.

ಮೂವತ್ತು ನಲವತ್ತರ ನಿವೇಶನ. ನೆಲಮಹಡಿಯಲ್ಲಿ ನಾವು, ಒಂದನೇ ಮಹಡಿಯಲ್ಲಿ ಬಾಡಿಗೆಯವರು. ತಾರಸಿ ಹತ್ತಿರ ಹತ್ತಿರ ಸಾವಿರ ಚದರಡಿ. ಎಂಟು ಸಾವಿರ ಲೀಟರಿನ ಸಂಪು ಇದೆ. ಕಾವೇರಿ ಸಂಪರ್ಕ ಇನ್ನೂ ಬಂದಿಲ್ಲ. ಬೋರ್‌ವೆಲ್ ಮಾರ್ಚ್ ಬಂತೆಂದರೆ ಸ್ವಲ್ಪ ಹೊತ್ತು ನೀರು ಕೊಟ್ಟು ಆಮೇಲೆ ಗಾಳಿ ಉಗುಳುತ್ತದೆ. ಉಳಿದದ್ದಕ್ಕೆ ಟ್ಯಾಂಕರ್.

ಮಳೆನೀರು ಕೊಯ್ಲು ಮಾಡಿಸೋಣ ಎಂಬ ಮಾತು ಗೃಹಪ್ರವೇಶದ ದಿನದಿಂದಲೇ ನಡೆದಿದೆ. ಯಾರೂ ಬೇಡ ಎನ್ನುವುದಿಲ್ಲ, ಅದೇ ತೊಂದರೆ. ಯಜಮಾನರು ಎರಡನೇ ಮಹಡಿ ಕಟ್ಟಿದ ಮೇಲೆ ಒಂದೇ ಸಲ ಸರಿಯಾಗಿ ಮಾಡಿಸೋಣ ಎನ್ನುತ್ತಾರೆ. ಆ ಮಹಡಿಗೆ ಸಾಲ ಮಂಜೂರಾಗಬೇಕು, ಸಾಲಕ್ಕೆ ಖಾತೆ ಸರಿಯಾಗಬೇಕು. ಮಾವನವರು ಕಾವೇರಿ ಬಂದರೆ ಇದೆಲ್ಲ ದಂಡದ ಖರ್ಚು ಎನ್ನುತ್ತಾರೆ. ಮಗ ಯಾವ ಫಿಲ್ಟರ್ ಒಳ್ಳೆಯದು ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದಾನೆ, ಇನ್ನೂ ಹುಡುಕುತ್ತಲೇ ಇದ್ದಾನೆ. ಅಷ್ಟರಲ್ಲಿ ತಾರಸಿಯ ನೀರು ಪ್ರತಿ ಮಳೆಗೂ ಗೇಟಿನ ಮುಂದೆ ಹಳ್ಳವಾಗಿ ಹರಿದು ರಸ್ತೆ ಸೇರುತ್ತಿದೆ.

ಈಗ ಇರುವ ಮನೆಗೆ, ಇರುವ ಸ್ಥಿತಿಯಲ್ಲೇ ಏನಾದರೂ ಮಾಡಬಹುದೇ? ಅಥವಾ ಕಾಯುವುದೇ ಸರಿಯೇ?

ಅನುಮಾನದ ಹುಳು

ಕಾಯುವುದೇ ಸರಿ. ಈಗ ಮಾಡಿಸಿ ಆಮೇಲೆ ಒಡೆಯುವುದು ಎರಡು ಖರ್ಚು. ನಿಮ್ಮ ಯಜಮಾನರು ಬುದ್ಧಿವಂತರು.

ಜಲ್ಲಿ ಮರಳು

ನಾನು ಕಟ್ಟಡ ಎಂಜಿನಿಯರ್. ಅನುಮಾನದ ಹುಳುವಿನವರ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಮನೆ ಕಟ್ಟಿಸುವವರಲ್ಲಿ ಮುಕ್ಕಾಲು ಪಾಲು ಜನ ಇದನ್ನೇ ಹೇಳುತ್ತಾರೆ.

ಮಹಡಿ ಏರಿದರೆ ತಾರಸಿಯ ಅಳತೆ ಬದಲಾಗುತ್ತದೆಯೇ? ಇಲ್ಲ. ಸಾವಿರ ಚದರಡಿಯ ತಾರಸಿ ಹತ್ತು ಅಡಿ ಮೇಲಕ್ಕೆ ಹೋಗುತ್ತದೆ, ಅಷ್ಟೆ. ಬೀಳುವ ಮಳೆ ಅದೇ, ಸೇರುವ ನೀರು ಅದೇ. ಕೆಳಗಿನ ಫಿಲ್ಟರ್ ಅದೇ ಜಾಗದಲ್ಲಿರುತ್ತದೆ, ಸಂಪಿಗೆ ಹೋಗುವ ಪೈಪು ಅದೇ, ಹೆಚ್ಚಾದ ನೀರನ್ನು ಮಣ್ಣಿಗೆ ಇಳಿಸುವ ಇಂಗು ಗುಂಡಿ ಅದೇ. ಹೊಸದಾಗಿ ಬೇಕಾಗುವುದು ಮೇಲಿನ ಹತ್ತು ಅಡಿ ಪೈಪು, ಒಂದೆರಡು ಎಲ್ಬೋ, ಗೋಡೆಗೆ ಹಿಡಿಸುವ ನಾಲ್ಕಾರು ಕ್ಲಾಂಪು. ಇದನ್ನು ಒಡೆದು ಕಟ್ಟುವುದು ಎನ್ನುತ್ತಾರೆಯೇ?

ಇನ್ನು ಲೆಕ್ಕ. ಸಾವಿರ ಚದರಡಿ ಎಂದರೆ ಸುಮಾರು 93 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಅಲ್ಲಿಗೆ 90,000 ಲೀಟರ್ ಆಯಿತು. ತಾರಸಿ ಹೀರಿಕೊಂಡದ್ದು, ಸೋರಿದ್ದು, ಮೊದಲ ಮಳೆಯ ಕೊಳೆನೀರೆಂದು ಹೊರಗೆ ಬಿಟ್ಟದ್ದು ಎಲ್ಲ ಕಳೆದರೂ 70,000 ಲೀಟರಿಗೆ ಮೋಸವಿಲ್ಲ. ಹನ್ನೆರಡು ಸಾವಿರ ಲೀಟರಿನ ದೊಡ್ಡ ಟ್ಯಾಂಕರುಗಳ ಲೆಕ್ಕದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ ಆರು. ನಿಮ್ಮ ಮನೆಯಲ್ಲಿ ಚರ್ಚೆ ಎಷ್ಟು ವರ್ಷದಿಂದ ನಡೆದಿದೆಯೋ ಅಷ್ಟರಿಂದ ಗುಣಿಸಿಕೊಳ್ಳಿ.

ಇನ್ನೊಂದು ವಿಷಯ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾಗಿದೆ. ಹೊಸದಾಗಿ ಕಟ್ಟುವವರಿಗೆ ಮೂವತ್ತು ನಲವತ್ತರ ನಿವೇಶನದಿಂದಲೇ ಮಳೆನೀರು ಕೊಯ್ಲು ಕಡ್ಡಾಯ, ಆಗಲೇ ಇದ್ದ ಕಟ್ಟಡಗಳಿಗೆ ಅರವತ್ತು ನಲವತ್ತರಿಂದ. ನಾಳೆ ನೀವು ಕಾವೇರಿ ಸಂಪರ್ಕ ಕೇಳಲು ಹೋದಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ. ಕಾವೇರಿ ಬರಲಿ, ಆಮೇಲೆ ನೋಡೋಣ ಎನ್ನುವ ಮಾವನವರಿಗೆ ಇದನ್ನು ನಿಧಾನವಾಗಿ ಹೇಳಿ.

ಅನುಮಾನದ ಹುಳು

ಲೆಕ್ಕ ಕೇಳಲು ಚೆನ್ನಾಗಿದೆ. ಆದರೆ 70,000 ಲೀಟರನ್ನು ಎಂಟು ಸಾವಿರದ ಸಂಪಿನಲ್ಲಿ ಹೇಗೆ ತುಂಬುತ್ತೀರಿ? ಮಳೆಗಾಲದಲ್ಲಿ ಸಂಪು ಹೇಗೂ ತುಂಬಿಯೇ ಇರುತ್ತದೆ. ನೀರು ಬೇಕಾಗುವುದು ಮಾರ್ಚ್ ಏಪ್ರಿಲ್‌ನಲ್ಲಿ, ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಹಣದ ಲೆಕ್ಕವನ್ನೂ ಹೇಳಿ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತು ಮಾಡಿದಾಗ ಐದು ಕಿಲೋಮೀಟರಿನ ಒಳಗೆ 12,000 ಲೀಟರಿಗೆ 1,000 ರೂಪಾಯಿ ಇತ್ತು. ನಿಮ್ಮ ಆರು ಟ್ಯಾಂಕರಿಗೆ ಆರು ಸಾವಿರ ರೂಪಾಯಿ. ಇದಕ್ಕಾಗಿ ಇಷ್ಟು ಗಲಾಟೆಯೇ?

ಜಲ್ಲಿ ಮರಳು

ಒಳ್ಳೆಯ ಪ್ರಶ್ನೆ, ನಿಜಕ್ಕೂ.

ಮೊದಲನೆಯದು, ವರ್ಷದ ಮಳೆ ಒಂದೇ ರಾತ್ರಿ ಬೀಳುವುದಿಲ್ಲ. ಏಪ್ರಿಲ್ ಕೊನೆಯಿಂದ ನವೆಂಬರ್‌ವರೆಗೆ ಬಿಟ್ಟು ಬಿಟ್ಟು ಬೀಳುತ್ತದೆ. ಇಪ್ಪತ್ತು ಮಿಲಿಮೀಟರಿನ ಸಾಧಾರಣ ಮಳೆಗೆ ಈ ತಾರಸಿಯಿಂದ ಸಿಗುವುದು ಒಂದೂವರೆ ಸಾವಿರ ಲೀಟರ್ ಚಿಲ್ಲರೆ. ಎರಡು ಸಂಸಾರ ಸೇರಿ ಎಂಟು ಜನ ಎಂದಿಟ್ಟುಕೊಳ್ಳಿ, ತಲೆಗೆ ದಿನಕ್ಕೆ 135 ಲೀಟರಿನ ಸರ್ಕಾರಿ ಲೆಕ್ಕದಲ್ಲಿ ಸಾವಿರ ಲೀಟರಿನ ಆಸುಪಾಸು ಬೇಕು. ಒಂದು ಮಳೆ, ಒಂದೂವರೆ ದಿನದ ನೀರು. ಬಂದದ್ದು ಖರ್ಚಾಗುತ್ತದೆ, ಮತ್ತೆ ತುಂಬುತ್ತದೆ. ಮಳೆಗಾಲದಲ್ಲಿ ಸಂಪು ತುಂಬಿಯೇ ಇರುತ್ತದೆ ಎಂದಿರಿ. ಅದನ್ನು ತುಂಬಿಸಿಡುವವರು ನಾವೇ ತಾನೇ? ಮೋಡ ಕಂಡ ದಿನ ಬೋರ್‌ವೆಲ್ ಮೋಟರು ಹಾಕದೆ ಅರ್ಧ ಖಾಲಿ ಬಿಟ್ಟರೆ ಜಾಗ ತಾನಾಗಿ ಸಿಗುತ್ತದೆ.

ಎರಡನೆಯದು, ಉಕ್ಕುವ ನೀರು. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದೇ ರಾತ್ರಿಯಲ್ಲಿ 130 ಮಿ.ಮೀ.ಗೂ ಮೇಲೆ ಸುರಿಯಿತಲ್ಲ, ಅಂತಹ ಮಳೆಗೆ ಯಾವ ಸಂಪೂ ಸಾಲದು. ಅದು ಇಂಗು ಗುಂಡಿಗೆ ಹೋಗಲಿ. ಮಾರ್ಚ್‌ನಲ್ಲಿ ನಿಮಗೆ ಬೇಕಾಗುವ ನೀರು ಆ ಗುಂಡಿಯ ಮೂಲಕ ಮಣ್ಣಿಗೆ ಇಳಿದದ್ದೇ.

ಹಣದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಬರಿಯ ರೂಪಾಯಿಯಲ್ಲಿ ನೋಡಿದರೆ ಇದು ದೊಡ್ಡ ಲಾಭದ ವ್ಯವಹಾರವಲ್ಲ. ಲಾಭ ಎಂದು ಹೇಳಿ ಮಾರುವವರನ್ನು ನಾನೂ ನಂಬುವುದಿಲ್ಲ. ಆದರೆ ಆ ಮಾರ್ಚ್‌ನಲ್ಲಿ ಸಾವಿರ ರೂಪಾಯಿ ಕೈಯಲ್ಲಿ ಹಿಡಿದು ಕುಳಿತವರಿಗೆ ಟ್ಯಾಂಕರ್ ಸಿಕ್ಕಿತ್ತೇ? ದರಪಟ್ಟಿ ಬಂತು, ಟ್ಯಾಂಕರ್ ಬರಲಿಲ್ಲ.

ನಿವೃತ್ತ ಮೇಷ್ಟರು, ಬಸವನಗುಡಿ

ಮಾವನವರ ವಾದವನ್ನು ಕೇಳಿ ನಗು ಬಂತು, ಏಕೆಂದರೆ ಅದು ನನ್ನ ವಯಸ್ಸಿನವರೆಲ್ಲರ ವಾದ. ಈ ಊರು ನೂರಮೂವತ್ತು ವರ್ಷದಿಂದ ಅದನ್ನೇ ಹೇಳುತ್ತ ಬಂದಿದೆ.

1890ರ ದಶಕದಲ್ಲಿ ಹೆಸರಘಟ್ಟದಿಂದ ನೀರು ಬಂತು. ಇನ್ನು ಚಿಂತೆಯಿಲ್ಲ ಎಂದರು. 1933ಕ್ಕೆ ಅದು ಸಾಲದೆ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. 1974ರಲ್ಲಿ ಕಾವೇರಿಯ ಮೊದಲ ಹಂತ ಬಂತು. ಆಮೇಲೆ ಎರಡು, ಮೂರು, ನಾಲ್ಕು. 2024ರ ಅಕ್ಟೋಬರ್‌ನಲ್ಲಿ ಐದನೆಯದು, ದಿನಕ್ಕೆ 77.5 ಕೋಟಿ ಲೀಟರ್. 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು ಮಾಡಿದ ಯೋಜನೆ. ಹಳ್ಳಿ ಸೇರಿಸಿದ್ದು ಯಾವಾಗ, ನೀರು ಬಂದದ್ದು ಯಾವಾಗ, ನೀವೇ ಕಳೆದು ನೋಡಿ.

ಪ್ರತಿ ಹಂತ ಬಂದಾಗಲೂ ಊರು ಅದಕ್ಕಿಂತ ಮುಂದೆ ಬೆಳೆದಿರುತ್ತದೆ. ಆ ನೀರಾದರೂ ಸುಮ್ಮನೆ ಹರಿದು ಬರುವುದೇ? ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಹಂತಹಂತವಾಗಿ ಪಂಪು ಮಾಡಿ ತರಬೇಕು. ತಲೆಯ ಮೇಲೆ ಪುಕ್ಕಟೆ ಬೀಳುವುದನ್ನು ಮೋರಿಗೆ ಬಿಟ್ಟು, ನೂರು ಕಿಲೋಮೀಟರಿನಿಂದ ಮೇಲೆತ್ತಿ ತಂದದ್ದರಲ್ಲಿ ಕಾರು ತೊಳೆಯುತ್ತಿದ್ದೆವು. 2024ರಲ್ಲಿ ಹಾಗೆ ತೊಳೆದರೆ ಐದು ಸಾವಿರ ದಂಡ ಎಂದಾಗ ಎಲ್ಲರಿಗೂ ಸಿಟ್ಟು ಬಂತು.

ಕಾವೇರಿ ಬಂದರೂ ಇದು ಬೇಕು ಎಂಬುದಕ್ಕೆ ವಿಜಯನಗರದಲ್ಲೇ ಒಂದು ಮನೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ. ಆರ್. ಶಿವಕುಮಾರ್ ಅವರದು. 1995ರಿಂದ ಮಳೆನೀರಿನ ಮೇಲೆಯೇ ಸಂಸಾರ. ಅವರು ಶುರು ಮಾಡಿದಾಗ ಕಡ್ಡಾಯದ ಕಾನೂನು ಇರಲಿಲ್ಲ, ಅಂಗಡಿಯಲ್ಲಿ ಸಿದ್ಧ ಫಿಲ್ಟರ್ ಸಿಗುತ್ತಿರಲಿಲ್ಲ. ಫಿಲ್ಟರನ್ನು ಅವರೇ ರೂಪಿಸಿಕೊಂಡರು.

ನೋಡಿ ಕಲಿಯುವವರಿಗೆ ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯವರ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನ ಇದೆ. ನಾನಾ ಬಗೆಯ ಮಾದರಿಗಳನ್ನು ಕಣ್ಣಾರೆ ನೋಡಬಹುದು. ಒಂದು ಭಾನುವಾರ ಹೋಗುವ ಮುನ್ನ ತೆರೆದಿರುತ್ತದೆಯೇ ಎಂದು ವಿಚಾರಿಸಿ. ನಿಮ್ಮ ಮಗನನ್ನೂ ಕರೆದುಕೊಂಡು ಹೋಗಿ ತಾಯಿ, ಮೊಬೈಲಿನಲ್ಲಿ ಹುಡುಕುವುದು ಅಲ್ಲಿಗೆ ಮುಗಿಯುತ್ತದೆ.

ಕುಡ್ಲದವಳು

ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಬೆಂಗಳೂರಿನವರು ಕೇಳಿದರೆ ಹೊಟ್ಟೆಕಿಚ್ಚು ಪಡಬೇಕು. ಆದರೂ 2019ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನ ನೀರು ತಳ ಹಿಡಿದು ಮಂಗಳೂರಿಗೆ ಸರದಿಯ ಮೇಲೆ ನೀರು ಬಿಟ್ಟರು. 2023ರಲ್ಲೂ ಅದೇ ಕಥೆ. ಮುರಕಲ್ಲಿನ ನೆಲ, ಸುರಿದದ್ದು ಬೇಗ ಇಳಿಜಾರು ಹಿಡಿದು ಹೊಳೆ ಸೇರಿ ಸಮುದ್ರಕ್ಕೆ ಹೋಗಿಬಿಡುತ್ತದೆ.

ಇಲ್ಲಿ ನೆಪ ಬೇರೆ. ಜೂನ್‌ನಲ್ಲಿ ಯಾರನ್ನಾದರೂ ಕೇಳಿ, ಇಷ್ಟು ಮಳೆಯಲ್ಲಿ ಕೆಲಸ ಹೇಗೆ ಮಾಡಿಸುವುದು, ಬಿಡುವಾಗಲಿ ಎನ್ನುತ್ತಾರೆ. ಅಕ್ಟೋಬರ್‌ನಲ್ಲಿ ಕೇಳಿ, ಬಾವಿ ತುಂಬಿದೆಯಲ್ಲ, ಈಗೇನು ಅವಸರ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಕೇಳಿ, ಮಳೆಯೇ ಇಲ್ಲ, ಏನನ್ನು ಕೊಯ್ಯುವುದು ಎನ್ನುತ್ತಾರೆ. ಪಂಚಾಂಗದಲ್ಲಿ ಈ ಕೆಲಸಕ್ಕೆ ಮುಹೂರ್ತವೇ ಇಟ್ಟಿಲ್ಲ.

ಬೆಂಗಳೂರಿನವರಿಗಿಂತ ನಮಗೆ ಒಂದು ಅನುಕೂಲ ಇದೆ. ಮನೆಮನೆಗೂ ತೆರೆದ ಬಾವಿ. ಮಾಡಿನ ದಂಬೆಯಿಂದ, ಎಂದರೆ ಸೂರಿನಂಚಿನ ನೀರು ಹರಿಯುವ ದೋಣಿಯಿಂದ, ಪೈಪು ಎಳೆದು, ಜಲ್ಲಿ ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ, ಬಾವಿಗೆ ಬಿಟ್ಟರೆ ಮುಗಿಯಿತು. ನಮ್ಮ ಓಣಿಯಲ್ಲಿ ಮೊದಲು ಹಾಗೆ ಮಾಡಿದವರನ್ನು ಬಾವಿಗೆ ಕೊಳೆನೀರು ಬಿಡುತ್ತಾರೆ ಎಂದು ಆಡಿಕೊಂಡರು. ಈಗ ಏಪ್ರಿಲ್‌ನಲ್ಲಿ ಅದೇ ಬಾವಿಗೆ ಕೊಡ ಹಿಡಿದು ಬರುತ್ತಾರೆ.

ತಿಪಟೂರಿನ ತೋಟಗಾರ

ನಾನು ರೈತ. ನೀವೆಲ್ಲ ಕಾಯುವುದನ್ನು ಒಂದೇ ಸಮನೆ ಬೈಯುತ್ತಿದ್ದೀರಿ, ಅದಕ್ಕೆ ಒಂದು ಮಾತು ಹೇಳಬೇಕೆನಿಸಿತು.

ಬೇಸಾಯದಲ್ಲಿ ಕಾಯಲೇಬೇಕು. ಒಂದು ಹನಿ ಬಿತ್ತೆಂದು ಕೂರಿಗೆ ಕಟ್ಟಿದವನ ಬೀಜ ಮಣ್ಣಿನಲ್ಲೇ ಒಣಗಿ ಹೋಗುತ್ತದೆ. ಹದ ಬರಬೇಕು. ಮಣ್ಣನ್ನು ಅಂಗೈಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡುತ್ತೇವೆ. ಆದರೆ ಹದಕ್ಕೆ ಕಾಯುವವನು ಸುಮ್ಮನೆ ಕೂತಿರುವುದಿಲ್ಲ. ಹೊಲ ಉತ್ತಿರುತ್ತಾನೆ, ಗೊಬ್ಬರ ಹರಡಿರುತ್ತಾನೆ, ಬೀಜ ತಂದಿಟ್ಟಿರುತ್ತಾನೆ. ಮಳೆ ಬಂದ ಮಾರನೆಯ ದಿನ ಬೀಜಕ್ಕೆ ಅಂಗಡಿಗೆ ಹೋದರೆ ಹದ ನಮಗಾಗಿ ನಿಂತಿರುತ್ತದೆಯೇ?

ಮಳೆ ತೀರ ತಡವಾದರೆ? ಜುಲೈ ದಾಟಿತೆಂದರೆ ದೀರ್ಘಾವಧಿಯ ರಾಗಿ ತಳಿಯನ್ನು ಬಿಟ್ಟು ಅಲ್ಪಾವಧಿಯದಕ್ಕೆ ಬರುತ್ತೇವೆ, ಇಲ್ಲವೇ ಹುರುಳಿ ಚೆಲ್ಲುತ್ತೇವೆ. ಇಳುವರಿ ಕಡಿಮೆ, ನಿಜ. ದನಕ್ಕೆ ಹುಲ್ಲಾದರೂ ಆಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದರಲ್ಲ, ಅಂತಹ ವರ್ಷದಲ್ಲೂ ಹೊಲ ಪೂರ್ತಿ ಬೀಳು ಬಿಟ್ಟವರು ನಮ್ಮ ಸುತ್ತ ಕಡಿಮೆ.

ಆದರೆ ನಮ್ಮಲ್ಲೂ ನಿಮ್ಮ ಮಹಡಿಯ ಕಥೆಯಂಥದ್ದು ಇದೆ, ಅದಕ್ಕೆ ಕೃಷಿ ಹೊಂಡ ಎಂದು ಹೆಸರು. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದಾಗ ಹೊಂಡಕ್ಕೆ ದೊಡ್ಡ ಸಹಾಯಧನ ಸಿಕ್ಕಿತು, ಲಕ್ಷಾಂತರ ಜನಕ್ಕೆ ಅದರಿಂದ ಉಪಕಾರವಾಗಿದೆ, ಅದನ್ನು ಹಗುರವಾಗಿ ಹೇಳುವುದಿಲ್ಲ. ಪಟ್ಟಿಯಲ್ಲಿ ಹೆಸರು ಬರಲಿಲ್ಲವೆಂದು ಹೊಲದ ತಗ್ಗಿನಲ್ಲಿ ಒಂದು ಬದುವನ್ನೂ ಹಾಕದೆ ಕೂತವರನ್ನೂ ನೋಡಿದ್ದೇನೆ. ಬದು ಹಾಕಲು ಯಾವ ಅರ್ಜಿಯೂ ಬೇಡ. ಗುದ್ದಲಿ ಮನೆಯಲ್ಲೇ ಇರುತ್ತದೆ.

ಜಲ್ಲಿ ಮರಳು

ತೋಟಗಾರರೇ, ಹೊಲ ಉತ್ತು ಹದಕ್ಕೆ ಕಾಯುವ ಮಾತು ಈ ಕೆಲಸಕ್ಕೂ ಸರಿಯಾಗಿ ಕೂರುತ್ತದೆ. ತಾರಸಿ ಗುಡಿಸಿ, ಇಳಿಪೈಪು ಸೇರಿಸಿ ಇಟ್ಟುಕೊಂಡರೆ ಮಳೆ ಯಾವತ್ತು ಬಂದರೂ ಸರಿ.

ಅನುಮಾನದ ಹುಳು

ಎಲ್ಲರೂ ಒಂದೇ ಕಡೆ ವಾಲಿದ್ದೀರಿ, ಅದಕ್ಕೇ ನಾನು ಇನ್ನೊಂದು ಕಡೆ ನಿಲ್ಲುತ್ತೇನೆ.

ನನ್ನ ಪರಿಚಯದವರ ವಸತಿ ಸಮುಚ್ಚಯ ಒಂದಿದೆ, ಹೆಸರು ಬೇಡ. 2024ರ ಆ ಬೇಸಿಗೆಯ ಹೆದರಿಕೆಯಲ್ಲಿ ಆತುರಾತುರವಾಗಿ ಗುತ್ತಿಗೆ ಕೊಟ್ಟರು. ಗುತ್ತಿಗೆದಾರ ತಾರಸಿಯ ನೀರಿನ ಜೊತೆಗೆ ಅಂಗಳದ ನೀರು, ಕಾರು ನಿಲ್ಲಿಸುವ ಜಾಗದ ನೀರು ಎಲ್ಲವನ್ನೂ ಸೇರಿಸಿ ನೇರ ಬೋರ್‌ವೆಲ್ ಕೊಳವೆಯೊಳಗೆ ಬಿಟ್ಟ. ಮೊದಲ ದೊಡ್ಡ ಮಳೆಗೆ ಒಳಚರಂಡಿಯ ಛೇಂಬರ್ ಉಕ್ಕಿತು, ಅದೂ ಅದರಲ್ಲೇ ಹೋಯಿತು. ನೀರು ವಾಸನೆ ಬರತೊಡಗಿತು, ಆಮೇಲೆ ಆ ಬೋರ್‌ವೆಲ್ಲನ್ನು ಮುಟ್ಟುವವರೇ ಇಲ್ಲ. ಈಗಲೇ ಮಾಡಿ, ಇಂದೇ ಮಾಡಿ ಎನ್ನುವವರು ಇದಕ್ಕೆ ಏನು ಹೇಳುತ್ತೀರಿ?

ಜಲ್ಲಿ ಮರಳು

ನೀವು ಹೇಳಿದ್ದು ನಡೆಯುವಂಥದ್ದೇ. ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು.

ಮಳೆನೀರು ಕೊಯ್ಲು ಎಂಬ ಒಂದೇ ಹೆಸರಿನೊಳಗೆ ಬೇರೆ ಬೇರೆ ಕೆಲಸಗಳಿವೆ. ಪೈಪಿನ ಕೆಳಗೆ ಡ್ರಮ್ಮು ಇಡುವುದು ಒಂದು. ಸರಿಬರದಿದ್ದರೆ ನಾಳೆ ಎತ್ತಿಡಬಹುದು. ಸೋಸಿದ ತಾರಸಿ ನೀರನ್ನು ಸಂಪಿಗೆ ಬಿಡುವುದು ಇನ್ನೊಂದು. ನೀರು ಕೆಟ್ಟರೆ ಸಂಪು ಖಾಲಿ ಮಾಡಿ ತೊಳೆದು ಬ್ಲೀಚಿಂಗ್ ಪುಡಿ ಹಾಕಿದರೆ ಸರಿಹೋಗುತ್ತದೆ. ಇಂಗು ಗುಂಡಿ, ಇಂಗು ಬಾವಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಆದರೂ ಅಲ್ಲಿ ನೀರು ಮಣ್ಣಿನ ಪದರಗಳಲ್ಲಿ ಸೋಸಿಕೊಂಡು ಇಳಿಯುತ್ತದೆ. ಬೋರ್‌ವೆಲ್ ಮರುಪೂರಣ ಮಾತ್ರ ಬೇರೆಯೇ ಜಾತಿ. ನೂರಾರು ಅಡಿ ಕೆಳಗಿನ ಬಂಡೆಯ ಬಿರುಕಿಗೆ ನೇರ ದಾರಿ ಅದು. ಅಲ್ಲಿ ಕೊಳೆ ಸೇರಿದರೆ ಪಕ್ಕದ ಮನೆಯವರ ನೀರೂ ಕೆಡುತ್ತದೆ, ಹಿಂದಕ್ಕೆ ತೆಗೆಯಲು ಆಗುವುದಿಲ್ಲ.

ಆದ್ದರಿಂದ ಮೊದಲಿನವನ್ನು ಈ ವಾರವೇ ಮಾಡಿ, ಯಾರನ್ನೂ ಕೇಳಬೇಕಾಗಿಲ್ಲ. ಬೋರ್‌ವೆಲ್ಲಿಗೆ ಮಾತ್ರ ಕಾಯಿರಿ. ಅಂತರ್ಜಲ ತಿಳಿದವರು ಬಂದು ನೋಡಲಿ. ಸುತ್ತ ಗುಂಡಿ ತೋಡಿ, ಬೋರ್‌ವೆಲ್ಲಿನ ಹೊರಗೊಳವೆಯಾದ ಕೇಸಿಂಗ್ ಪೈಪಿಗೆ ತೂತು ಕೊರೆದು ಜಾಲರಿ ಸುತ್ತಿ, ದಪ್ಪ ಕಲ್ಲು, ಜಲ್ಲಿ, ಮರಳು ಕ್ರಮವಾಗಿ ತುಂಬಿದ ಮೇಲೆಯೇ ನೀರು ಬಿಡಬೇಕು. ಅದೂ ತಾರಸಿಯ ನೀರು ಮಾತ್ರ, ಅಂಗಳದ್ದಲ್ಲ, ಕಾರಿನ ಎಣ್ಣೆ ಬಿದ್ದ ಜಾಗದ್ದಂತೂ ಅಲ್ಲವೇ ಅಲ್ಲ.

ಆ ಸಮುಚ್ಚಯದವರು ಕಾಯಬಾರದ ಕೆಲಸಕ್ಕೆ ವರ್ಷಗಟ್ಟಲೆ ಕಾದು, ಕಾಯಬೇಕಾದ ಕೆಲಸವನ್ನು ವಾರದಲ್ಲಿ ಮುಗಿಸಿದರು. ಆತುರ ಹುಟ್ಟುವುದು ತಡದಿಂದಲೇ. ಮೊದಲೇ ಒಂದು ಇಂಗು ಗುಂಡಿ ತೋಡಿದ್ದರೆ ಮಾರ್ಚ್‌ನಲ್ಲಿ ಅಷ್ಟು ಗಾಬರಿ ಬೀಳುತ್ತಿರಲಿಲ್ಲ.

ಅನುಮಾನದ ಹುಳು

ಇದನ್ನು ಒಪ್ಪುತ್ತೇನೆ. ಇದೊಂದನ್ನು.

ಅಪಾರ್ಟ್‌ಮೆಂಟ್ ಕಾರ್ಯದರ್ಶಿ

ಒಂದೇ ಕುಟುಂಬದಲ್ಲಿ ಮೂರು ಅಭಿಪ್ರಾಯ ಎಂದು ಬೇಸರಪಡುತ್ತಿದ್ದೀರಲ್ಲ ಅಕ್ಕ, ನನ್ನ ಸಂಘದಲ್ಲಿ ಮನೆಗೊಂದು. ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಮಳೆನೀರು ಕೊಯ್ಲು ಪ್ರತಿ ವರ್ಷವೂ ಇರುತ್ತಿತ್ತು, ಗಣೇಶ ಹಬ್ಬದ ಚಂದಾ ಚರ್ಚೆಯಲ್ಲೇ ಸಮಯ ಮುಗಿದು ಮುಂದಿನ ಸಭೆಗೆ ಹೋಗುತ್ತಿತ್ತು. ಎಲ್ಲರ ಒಪ್ಪಿಗೆ ಸಿಗಲಿ ಎಂದು ಕಾದರೆ ಇಂದಿಗೂ ಕಾಯುತ್ತಲೇ ಇರಬೇಕಾಗಿತ್ತು.

ಕೊನೆಗೆ ಒಂದೇ ಬ್ಲಾಕಿನವರು ತಮ್ಮ ನಿರ್ವಹಣಾ ನಿಧಿಯಿಂದ ತಮ್ಮ ಬ್ಲಾಕಿಗೆ ಮಾತ್ರ ಮಾಡಿಸಿಕೊಳ್ಳುತ್ತೇವೆ ಎಂದರು. ನಿಯಮ ನೋಡಿದೆವು, ಅಡ್ಡಿ ಇರಲಿಲ್ಲ. ಬಾವಿ ತೋಡಲು ಮಣ್ಣುವಡ್ಡರನ್ನು ಕರೆಸಿದೆವು. ಸರ್ಜಾಪುರದ ಕಡೆ ಭೋವಿಪಾಳ್ಯದಲ್ಲಿ ಈ ಕಸುಬಿನ ಮನೆತನಗಳೇ ಇವೆ. ಕಬ್ಬನ್ ಉದ್ಯಾನದ ಹಳೆಯ ಬಾವಿಗಳ ಹೂಳೆತ್ತಿ ಮತ್ತೆ ನೀರು ಕಾಣಿಸಿದವರು ಈ ಸಮುದಾಯದವರೇ. ಯಂತ್ರ ತರಬೇಕೇನೋ ಎಂದು ನಾವಿದ್ದೆವು. ಅವರು ಬಂದದ್ದು ಗುದ್ದಲಿ, ಹಾರೆ, ಹಗ್ಗ, ಬುಟ್ಟಿಯೊಂದಿಗೆ. ಮೂರಡಿ ಅಗಲ, ಇಪ್ಪತ್ತಡಿ ಆಳ. ಮಣ್ಣು ನೋಡಿಯೇ ಎಲ್ಲಿ ನೀರು ಕುಡಿಯುತ್ತದೆ, ಎಲ್ಲಿ ಕುಡಿಯುವುದಿಲ್ಲ ಎಂದು ಹೇಳುತ್ತಿದ್ದರು. ಸಿಮೆಂಟ್ ಉಂಗುರಗಳನ್ನು ಒಂದರ ಮೇಲೊಂದು ಇಳಿಸಿ ಮುಚ್ಚಳ ಹಾಕಿ ಹೋದರು. ನಾವು ಅಷ್ಟು ವರ್ಷ ಮಾತಾಡಿದ ಕೆಲಸ ಅದು.

ಮುಂದಿನ ಸಭೆಯಲ್ಲಿ ಉಳಿದ ಬ್ಲಾಕಿನವರು ನಮಗೇಕೆ ಮಾಡಿಸಿಲ್ಲ ಎಂದು ಜಗಳಕ್ಕೆ ಬಂದರು. ಒಪ್ಪಿಗೆ ಬಂದದ್ದು ಹೀಗೆ.

ಪಾವಗಡದ ಬಿಸಿಲು

ಇಲ್ಲಿ ಎಲ್ಲರೂ ಪ್ರಮಾಣದ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಪ್ರಶ್ನೆ ಗುಣದ್ದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ ಒಂದೂವರೆಯವರೆಗೆ ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಅದನ್ನು ಯಾವತ್ತೋ ದಾಟಿವೆ. ಹಲ್ಲು ಕಂದಿದ ಮಕ್ಕಳು, ಮೊಣಕಾಲು ಬಾಗಿದ ಹಿರಿಯರು ಊರೂರಿನಲ್ಲೂ ಇದ್ದಾರೆ.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲ ಎನ್ನುವಷ್ಟು ಕಡಿಮೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ ಇಪ್ಪತ್ತೈದು ಲೀಟರ್ ಸಾಕು. ಐದು ಸಾವಿರ ಲೀಟರಿನ ತೊಟ್ಟಿ ತುಂಬಿದರೆ ಇನ್ನೂರು ದಿನ. ನಮ್ಮ ಅತ್ತೆಯವರು ಇಷ್ಟೆಲ್ಲ ಲೆಕ್ಕ ಹಾಕಿದವರಲ್ಲ. ಶೀಟಿನ ಅಂಚಿಗೆ ಉದ್ದಕ್ಕೆ ಸೀಳಿದ ಪೈಪು ಕಟ್ಟಿಸಿ, ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಡ್ರಮ್ಮಿನ ಬಾಯಿಗೆ ಬಿಗಿದರು. ಬೇಳೆ ಬೇಗ ಬೇಯುತ್ತದೆ ಎಂಬುದು ಅವರಿಗೆ ಮೊದಲು ಕಂಡ ಲಾಭ. ಕುಡಿಯುವುದಕ್ಕೆ ಕುದಿಸಿಯೇ ಬಳಸುತ್ತೇವೆ, ಅದನ್ನು ತಪ್ಪಿಸಬೇಡಿ. ಹಕ್ಕಿಯ ಹಿಕ್ಕೆ ಕಣ್ಣಿಗೆ ಕಾಣುವುದಿಲ್ಲ.

ಒಳ್ಳೆಯ ತೊಟ್ಟಿ ಕಟ್ಟಿಸಿದ್ದು ಬಹಳ ಆಮೇಲೆ. ಅಲ್ಲಿಯವರೆಗೆ ಮೊಮ್ಮಕ್ಕಳು ಬೋರ್‌ವೆಲ್ ನೀರನ್ನೇ ಕುಡಿಯಲಿ ಎಂದು ಅವರು ಬಿಡಲಿಲ್ಲ.

ಕೆಂಗೇರಿ ಆಚೆಯವಳು

ಇಷ್ಟು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಜಲ್ಲಿ ಮರಳಿನವರು ಬರೆದದ್ದನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದೆ. ತಾರಸಿಯ ಅಳತೆ ಬದಲಾಗುವುದಿಲ್ಲ ಎಂಬ ಮಾತಿಗೆ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ನನಗೆ ಗೊತ್ತಿತ್ತು ಎಂದರು. ಮಾವನವರು ಮೇಷ್ಟರು ಬರೆದ ಇಸವಿಗಳನ್ನು ಎರಡು ಸಲ ಓದಿಸಿಕೊಂಡರು. ತಿಪ್ಪಗೊಂಡನಹಳ್ಳಿ ನೀರಿನ ರುಚಿಯ ಬಗ್ಗೆ ದೊಡ್ಡ ಕಥೆಯೂ ಆಯಿತು.

ಬುಧವಾರ ಪ್ಲಂಬರ್ ಬಂದು ನೋಡಿ ಹೋಗಿದ್ದಾನೆ. ಈಗಿನ ಇಳಿಪೈಪು ಮೂರು ಇಂಚಿನದು, ಒಂದೇ ಇದೆ. ಅದು ಸಾಕು ಎನ್ನುತ್ತಾನೆ. ಫಿಲ್ಟರಿಗೆ ಅಂಗಡಿಯಲ್ಲಿ ಒಂದೊಂದು ಒಂದೊಂದು ಬೆಲೆ. ಇಂಗು ಗುಂಡಿಗೆ ಸದ್ಯಕ್ಕೆ ಕೈಯಲ್ಲಿ ಹಣವಿಲ್ಲ. ಅರ್ಧ ಮಾಡಿ ಅರ್ಧ ಬಿಟ್ಟರೆ ಪರವಾಗಿಲ್ಲವೇ?

ಜಲ್ಲಿ ಮರಳು

ಖಂಡಿತ ಪರವಾಗಿಲ್ಲ. ಆದರೆ ಯಾವ ಅರ್ಧ ಎಂಬುದು ಮುಖ್ಯ.

ಸಾವಿರ ಚದರಡಿಗೆ ಮೂರು ಇಂಚಿನ ಒಂದೇ ಪೈಪು ಸಾಲದು. ಜೋರು ಮಳೆಗೆ ತಾರಸಿಯಲ್ಲಿ ನೀರು ನಿಲ್ಲುತ್ತದೆ, ಸೂರು ಸೋರತೊಡಗಿದರೆ ಯಜಮಾನರು ನನ್ನನ್ನು ಬೈಯುತ್ತಾರೆ. ನಾಲ್ಕು ಇಂಚಿನವು ಎರಡು ಇರಲಿ. ತಾರಸಿಯ ಬಾಯಿಗೆ ಎಲೆ ತಡೆಯುವ ಜಾಲರಿ ಹಾಕಿ. ಕೆಳಗೆ ಫಿಲ್ಟರಿಗೆ ಹೋಗುವ ಮುನ್ನ ಪೈಪು ಕವಲೊಡೆಯುವ ಒಂದು ಟೀ ಜೋಡಣೆ ಕೊಟ್ಟು, ಉದ್ದನೆಯ ಪೈಪಿನ ತುಂಡೊಂದನ್ನು ಲಂಬವಾಗಿ ಇಳಿಬಿಟ್ಟು, ತುದಿಗೆ ತಿರುಗಿಸಿ ತೆಗೆಯುವ ಮುಚ್ಚಳ ಹಾಕಿಸಿ. ತಾರಸಿಯ ಧೂಳು ಹೊತ್ತ ಮೊದಲ ನೀರು ಅದರಲ್ಲಿ ತುಂಬಿಕೊಳ್ಳುತ್ತದೆ, ಆಮೇಲಿನದು ಫಿಲ್ಟರಿಗೆ ಹೋಗುತ್ತದೆ. ವರ್ಷದ ಮೊದಲ ಒಂದೆರಡು ಮಳೆಗೆ ಆ ತುಂಡು ಸಾಲುವುದಿಲ್ಲ, ಮುಚ್ಚಳ ಪೂರ್ತಿ ತೆಗೆದೇ ಇಡಿ, ಎಲ್ಲ ಹೊರಗೆ ಹೋಗಲಿ.

ಫಿಲ್ಟರಿಗೆ ಅಂಗಡಿಯದೇ ಬೇಕೆಂದಿಲ್ಲ. ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನ ತಳಕ್ಕೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಒಂದು ನೈಲಾನ್ ಜಾಲರಿ, ಇದ್ದಿಲು, ಮತ್ತೆ ಜಾಲರಿ, ಮೇಲೆ ತೊಳೆದ ದಪ್ಪ ಮರಳು. ಮರಳು ತೊಳೆಯದೆ ಹಾಕಿದರೆ ಮೊದಲ ನೀರು ಕೆಸರಾಗಿ ಬರುತ್ತದೆ, ಆಮೇಲೆ ಎಲ್ಲರೂ ಮಳೆನೀರನ್ನು ದೂರುತ್ತಾರೆ. ಫಿಲ್ಟರಿನಿಂದ ಸಂಪಿಗೆ. ಸಂಪಿನ ಮೇಲ್ಭಾಗದಲ್ಲಿ ಉಕ್ಕುವ ನೀರಿಗೆ ಒಂದು ಪೈಪು ಕೊಟ್ಟು, ಇಂಗು ಗುಂಡಿ ಬರಬೇಕಾದ ಜಾಗದವರೆಗೆ ಎಳೆದು ನಿಲ್ಲಿಸಿ. ಈ ವರ್ಷ ಅದು ಗಿಡದ ಬುಡಕ್ಕೆ ಹರಿಯಲಿ, ಪಾಯದಿಂದ ಸಾಕಷ್ಟು ದೂರವಿದ್ದರೆ ಸಾಕು. ಹಣ ಬಂದಾಗ ಅದೇ ತುದಿಯಲ್ಲಿ ಗುಂಡಿ ತೋಡಿಸಿ. ಏನನ್ನೂ ಒಡೆಯಬೇಕಾಗಿಲ್ಲ.

ಎರಡನೇ ಮಹಡಿಗೆ ಸಾಲ ಸಿಕ್ಕಾಗ ಹೇಳಿ, ಮೇಲಿನ ಹತ್ತು ಅಡಿಯ ಬಗ್ಗೆ ಮಾತಾಡೋಣ.

ಅನುಮಾನದ ಹುಳು

ಮರಳನ್ನು ತೊಳೆಯುವವರು ಯಾರು?

ಕೆಂಗೇರಿ ಆಚೆಯವಳು

ಫಿಲ್ಟರುಗಳ ಮೇಲೆ ಇಷ್ಟು ಸಂಶೋಧನೆ ಮಾಡಿದವನೊಬ್ಬ ಮನೆಯಲ್ಲಿದ್ದಾನಲ್ಲ.

ಬಾಡಿಗೆ ಮನೆಯವನು

ನನ್ನದೊಂದು ಪ್ರಶ್ನೆ. ಸ್ವಂತ ಮನೆಯಿಲ್ಲ, ಪೈಪು ಕತ್ತರಿಸಿದರೆ ಮಾಲೀಕರು ಮುಂಗಡ ಹಣದಲ್ಲಿ ಕತ್ತರಿಸುತ್ತಾರೆ. ಸ್ವಂತ ಮನೆ ಕಟ್ಟಿದಾಗ ಮಾಡಿಸೋಣ ಎಂದುಕೊಂಡಿದ್ದೆ. ಮೇಲಿನದನ್ನೆಲ್ಲ ಓದಿದ ಮೇಲೆ ಹಾಗೆ ಹೇಳಲು ನಾಚಿಕೆಯಾಗುತ್ತಿದೆ.

ಕುಡ್ಲದವಳು

ಪೈಪಿನ ಬಾಯಿ ಅಂಗಳದಲ್ಲಿ ಎಲ್ಲೋ ಒಂದು ಕಡೆ ನೆಲ ಮುಟ್ಟಲೇಬೇಕಲ್ಲ? ಅಲ್ಲಿ ಒಂದು ಡ್ರಮ್ಮು ಇಡಿ. ಮನೆ ಬದಲಿಸುವಾಗ ಲಾರಿಗೆ ಹತ್ತಿಸಿಕೊಂಡು ಹೋಗಬಹುದು. ನೆಲ ಒರೆಸಲು, ಗಿಡಕ್ಕೆ, ಶೌಚಾಲಯಕ್ಕೆ, ಸ್ಕೂಟರ್ ತೊಳೆಯಲು ಆಗುತ್ತದೆ. ಬಾಯಿಗೆ ಸಣ್ಣ ಕಣ್ಣಿನ ಬಲೆಯೋ ಬಟ್ಟೆಯೋ ಬಿಗಿಯಾಗಿ ಕಟ್ಟಲೇಬೇಕು, ಕೈಬಿಡಬೇಡಿ. ಡೆಂಗಿ ಹರಡುವ ಸೊಳ್ಳೆ ಇಂತಹ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ, ವಾರ ಹತ್ತು ದಿನದಲ್ಲಿ ಮರಿ ಎದ್ದು ಹಾರುತ್ತದೆ. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಒಳಗೆ ಉಜ್ಜಿ ತೊಳೆಯಿರಿ.

ಬಾಡಿಗೆ ಮನೆಯವನು

ನೀಲಿ ಡ್ರಮ್ಮು ಹಳೆಯದು ಸಿಗುತ್ತದೆ ಎನ್ನುತ್ತಾರೆ, ಕಲಾಸಿಪಾಳ್ಯದ ಕಡೆ. ಅದರಲ್ಲಿ ಮೊದಲು ಏನು ತುಂಬಿದ್ದರೋ ಎಂಬ ಹೆದರಿಕೆ.

ಜಲ್ಲಿ ಮರಳು

ಸರಿಯಾದ ಹೆದರಿಕೆ. ರಾಸಾಯನಿಕ ತುಂಬಿದ್ದ ಡ್ರಮ್ಮು ಗಿಡಕ್ಕೂ ಬೇಡ. ಹಣ್ಣಿನ ರಸವೋ ಉಪ್ಪಿನಕಾಯಿಯೋ ತುಂಬಿದ್ದದ್ದಾದರೆ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಗೊತ್ತಾಗುತ್ತದೆ. ಮೇಲಿನ ಚೀಟಿ ಕಿತ್ತು ಹಾಕಿದ್ದರೆ ತೆಗೆದುಕೊಳ್ಳಬೇಡಿ. ಅನುಮಾನವಿದ್ದರೆ ಸ್ವಲ್ಪ ಹೆಚ್ಚು ಕೊಟ್ಟು ಹೊಸದನ್ನೇ ಕೊಳ್ಳಿ. ಕೆಳಗಿನಿಂದ ಒಂದು ಗೇಣು ಮೇಲೆ ನಲ್ಲಿ ಕೂರಿಸಿಕೊಳ್ಳಿ, ತಳದ ಮಡ್ಡಿ ಬಕೆಟ್ಟಿಗೆ ಬರುವುದಿಲ್ಲ. ಡ್ರಮ್ಮನ್ನು ನಾಲ್ಕು ಸಿಮೆಂಟ್ ಇಟ್ಟಿಗೆಯ ಮೇಲೆ ಗಟ್ಟಿಯಾಗಿ ನಿಲ್ಲಿಸಿ. ತುಂಬಿದರೆ ಇನ್ನೂರು ಕಿಲೋ ಭಾರ, ಅಲುಗಾಡುವಂತಿದ್ದರೆ ಮಕ್ಕಳಿರುವ ಅಂಗಳದಲ್ಲಿ ಇಡಬೇಡಿ.